ತುಮಕೂರಿನಿಂದ ದಿನವೂ ಓಡಾಡುವುದೋ, ಬೆಂಗಳೂರಿನ ಹಾಸ್ಟೆಲ್ಲಿಗೆ ಸೇರಿಸುವುದೋ: ನಿಜವಾದ ಖರ್ಚು ಎಷ್ಟು?

ತುಮಕೂರಿನ ತಂದೆ

ಮಾನ್ಯರೇ, ನನ್ನ ಮಗಳಿಗೆ ಬೆಂಗಳೂರಿನ ದಕ್ಷಿಣ ಭಾಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಇಟಿ ಮೂಲಕ ಸೀಟು ದೊರೆತಿದೆ. ನಮ್ಮ ಮನೆ ತುಮಕೂರಿನಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿದೆ. ಕಾಲೇಜಿನ ಆವರಣದೊಳಗಿನ ಹಾಸ್ಟೆಲ್ಲಿನಲ್ಲಿ ಕೊಠಡಿಗೆ ವರ್ಷಕ್ಕೆ 54,000 ರೂಪಾಯಿ, ಮೆಸ್ಸಿಗೆ ತಿಂಗಳಿಗೆ 7,200ರಂತೆ ಹತ್ತು ತಿಂಗಳಿಗೆ 72,000 ರೂಪಾಯಿ, ಅಂದರೆ ಒಟ್ಟು 1,26,000 ರೂಪಾಯಿ ಆಗುತ್ತದೆ. ಇದರ ಜೊತೆಗೆ ಕಾಷನ್ ಡಿಪಾಸಿಟ್ ಎಂದು 15,000 ಕಟ್ಟಬೇಕು, ಅದು ಕೊನೆಯಲ್ಲಿ ಹಿಂತಿರುಗುತ್ತದೆಯಂತೆ.

ಮನೆಯಿಂದಲೇ ಓಡಾಡಿದರೆ ರೈಲಿನಲ್ಲಿ ಯಶವಂತಪುರದವರೆಗೆ ಹೋಗಿ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಬನಶಂಕರಿಗೆ ಇಳಿದು, ಉಳಿದ ದಾರಿಯನ್ನು ಬಸ್ಸಿನಲ್ಲಿಯೋ ನಡೆದೋ ಮುಗಿಸಬೇಕು. ಕಳೆದ ವಾರ ನಾನೂ ಮಗಳೂ ಗಡಿಯಾರ ನೋಡಿಕೊಂಡು ಹೋಗಿ ಬಂದೆವು. ಮನೆಯ ಬಾಗಿಲಿನಿಂದ ಕಾಲೇಜಿನ ಗೇಟಿನವರೆಗೆ ಎರಡೂವರೆ ಗಂಟೆ ಹಿಡಿಯಿತು.

ನನ್ನ ಸಹೋದ್ಯೋಗಿಗಳೆಲ್ಲರೂ ಹೇಳುವುದು ಒಂದೇ ಮಾತು: ಮನೆಯಲ್ಲಿದ್ದರೆ ಖರ್ಚೇ ಇಲ್ಲ, ಸುಮ್ಮನೆ ಒಂದೂಕಾಲು ಲಕ್ಷ ಏಕೆ ಸುರಿಯುತ್ತೀರಿ ಎಂದು. ನನ್ನದು ಸರ್ಕಾರಿ ಅನುದಾನಿತ ಶಾಲೆಯ ಗುಮಾಸ್ತನ ಸಂಬಳವಾದ್ದರಿಂದ ಆ ಮಾತನ್ನು ತಳ್ಳಿಹಾಕುವ ಶಕ್ತಿ ನನಗಿಲ್ಲ. ಆದರೆ ಮನೆಯ ಖರ್ಚು ಸೊನ್ನೆ ಎಂಬ ಲೆಕ್ಕವೂ ಸರಿಯೆನಿಸುತ್ತಿಲ್ಲ. ಎರಡನ್ನೂ ಅನುಭವಿಸಿದವರು ಅಥವಾ ಮಕ್ಕಳನ್ನು ಓದಿಸಿದವರು ತಮ್ಮ ನಿಜವಾದ ಲೆಕ್ಕವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ರೈಲ್ವೆ ಪಿಂಚಣಿದಾರ

ಮೊದಲು ಪ್ರಯಾಣದ ವಿಷಯ. ಪದವಿ ಮುಗಿಯುವವರೆಗೆ ಹೆಣ್ಣುಮಕ್ಕಳಿಗೆ ಮನೆಯಿಂದ ವಿದ್ಯಾಸಂಸ್ಥೆಗೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟನ್ನು ರೈಲ್ವೆ ಉಚಿತವಾಗಿ ನೀಡುತ್ತದೆ. ಗಂಡುಮಕ್ಕಳಿಗೆ ಈ ಸೌಲಭ್ಯ ಹನ್ನೆರಡನೇ ತರಗತಿಯವರೆಗೆ ಮಾತ್ರ. ಸೀಸನ್ ಟಿಕೆಟಿನ ದೂರದ ಮಿತಿ 150 ಕಿಲೋಮೀಟರ್. ತುಮಕೂರು ಬೆಂಗಳೂರಿಗೆ 70 ಕಿಲೋಮೀಟರ್ ಇರುವುದರಿಂದ ತೊಂದರೆಯಿಲ್ಲ. ಕಾಲೇಜಿನ ಮುಖ್ಯಸ್ಥರ ಸಹಿ ಮತ್ತು ಮೊಹರು ಇರುವ ಪ್ರಮಾಣಪತ್ರವನ್ನು ಕೌಂಟರಿನಲ್ಲಿ ಕೊಡಬೇಕು. ನಾನು ಕೌಂಟರಿನಲ್ಲಿದ್ದ ಕಾಲದಲ್ಲಿ ಇದನ್ನು ಕೇಳಿ ಪಡೆಯುತ್ತಿದ್ದವರು ಬಹಳ ಕಡಿಮೆ.

ನಾಲ್ಕು ಚಕ್ರ

ಇದಕ್ಕೆ ಶಕ್ತಿ ಯೋಜನೆಯನ್ನೂ ಸೇರಿಸಿಕೊಳ್ಳಿ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ಹಾಗಾಗಿ ನಿಮ್ಮ ಮಗಳು ಮೆಟ್ರೋ ಬಿಟ್ಟು ಬಿಎಂಟಿಸಿ ಹತ್ತಿದರೆ ಪ್ರಯಾಣದ ಖರ್ಚು ಅಕ್ಷರಶಃ ಸೊನ್ನೆ. ನನ್ನ ಮಗ ಇದೇ ದಾರಿಯಲ್ಲಿ ಎರಡು ವರ್ಷ ಓಡಾಡಿದ. ಅವನಿಗೆ ಈ ಎರಡೂ ಸೌಲಭ್ಯ ಇರಲಿಲ್ಲ, ಸಾಲದ್ದಕ್ಕೆ 2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು ಏರಿತು, ಮರುತಿಂಗಳೇ ಮೆಟ್ರೋದ ಗರಿಷ್ಠ ದರ 90 ರೂಪಾಯಿಯಾಯಿತು. ಮೆಟ್ರೋದಲ್ಲಿ ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ಪಾಸೂ ಇರಲಿಲ್ಲ. ಒಂದೇ ಮನೆಯಲ್ಲಿ ಮಗನಿಗೂ ಮಗಳಿಗೂ ಈ ಲೆಕ್ಕ ಬೇರೆ ಬೇರೆಯಾಗಿ ಬರುವ ಕಾಲವಿದು.

ಆದರೆ ಒಂದು ಎಚ್ಚರಿಕೆ. ಯಶವಂತಪುರದಿಂದ ಬನಶಂಕರಿಗೆ ಬೆಳಗಿನ ಹೊತ್ತು ಬಸ್ಸಿನಲ್ಲಿ ಹೋದರೆ ನಿಮ್ಮ ಎರಡೂವರೆ ಗಂಟೆ ಮೂರೂಕಾಲು ಗಂಟೆಯಾಗುವುದು ಖಚಿತ. ಹಣ ಉಳಿಸುವ ದಾರಿಯೇ ಹೊತ್ತು ತಿನ್ನುವ ದಾರಿಯೂ ಹೌದು.

ಹಾಸನದ ಗೃಹಿಣಿ

ಸರ್, ನಿಮ್ಮ ಸಹೋದ್ಯೋಗಿಗಳು ಮನೆಯ ಖರ್ಚು ಸೊನ್ನೆ ಎನ್ನುತ್ತಾರೆ. ಇನ್ನು ಕೆಲವರು ಐದು ಜನರ ಮನೆಯಲ್ಲಿ ಒಬ್ಬರು ಹೊರಟರೆ ಐದನೇ ಒಂದು ಪಾಲು ಖರ್ಚು ಉಳಿಯುತ್ತದೆ ಎನ್ನುತ್ತಾರೆ. ನಾನು ದಿನಸಿ ಅಂಗಡಿಯ ಚೀಟಿಗಳನ್ನು ತಂತಿಗೆ ಚುಚ್ಚಿಡುವ ಅಭ್ಯಾಸದವಳು, ಆದ್ದರಿಂದ ನನ್ನ ಬಳಿ ಉತ್ತರವಿದೆ. ದೊಡ್ಡ ಮಗ ಮೊದಲ ವರ್ಷ ಮನೆಯಿಂದ ಓಡಾಡಿ, ಎರಡನೇ ವರ್ಷ ಹಾಸ್ಟೆಲ್ಲಿಗೆ ಹೋದ. ಅವನು ಹೋದ ಮೇಲೆ ಬಾಡಿಗೆ ಒಂದು ರೂಪಾಯಿಯೂ ಇಳಿಯಲಿಲ್ಲ. ಗ್ಯಾಸ್ ಸಿಲಿಂಡರ್ ನಾಲ್ಕೈದು ದಿನ ಹೆಚ್ಚು ಬಂದಿತು. ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಡಿಮೆಯಾದದ್ದು ಅಕ್ಕಿ, ಹಾಲು, ಎಣ್ಣೆ, ಮೊಟ್ಟೆ ಮತ್ತು ಬೀದಿ ಬೇಕರಿಯ ಲೆಕ್ಕ, ಎಲ್ಲ ಸೇರಿ ತಿಂಗಳಿಗೆ ಹೆಚ್ಚೆಂದರೆ 2,000 ರೂಪಾಯಿ. ಒಬ್ಬರಿಗೆಂದು ಕುಕ್ಕರ್ ಚಿಕ್ಕದಾಗುವುದಿಲ್ಲವಲ್ಲ.

ಇನ್ನೊಂದು ಖರ್ಚು ಯಾವ ಚೀಟಿಯಲ್ಲೂ ಇರಲಿಲ್ಲ. ಅವನು ಓಡಾಡುತ್ತಿದ್ದ ವರ್ಷ ನಾನು ನಾಲ್ಕೂವರೆಗೆ ಎದ್ದು ತಿಂಡಿ ಮಾಡಿ, ಮಧ್ಯಾಹ್ನದ ಡಬ್ಬಿಗೆ ಬೇರೆ ಪಲ್ಯ ಮಾಡಿ, ರಾತ್ರಿ ಅವನು ಒಂಬತ್ತಕ್ಕೆ ಬರುವವರೆಗೆ ಸಾರನ್ನು ಎರಡು ಸಲ ಬಿಸಿ ಮಾಡುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ಇದೇ ಕೆಲಸಕ್ಕೆ ಅಡುಗೆಯವರ ಸಂಬಳವೆಂದು ಮೆಸ್ ಬಿಲ್ಲಿನಲ್ಲಿ ಒಂದು ಸಾಲು ಇರುತ್ತದೆ, ಮನೆಯಲ್ಲಿ ಆ ಸಾಲು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ದೂರು ಎಂದು ಹೇಳುತ್ತಿಲ್ಲ. ನಿಮ್ಮ ಮನೆಯವರನ್ನೂ ಒಮ್ಮೆ ಕೇಳಿ ನೋಡಿ ಎಂದು ಹೇಳುತ್ತಿದ್ದೇನೆ.

ಮಿಷಿಗನ್ ಕನ್ನಡಿಗ

ಮೇಡಂ ಅವರ ಮಾತಿಗೆ ಒಂದು ಸಣ್ಣ ಪೂರಕ. ಅಮೆರಿಕದಲ್ಲಿ ಸರ್ಕಾರಿ ನೆರವಿನ ವ್ಯವಸ್ಥೆಯಲ್ಲಿರುವ ಪ್ರತಿಯೊಂದು ಕಾಲೇಜೂ ಓದಿನ ಒಟ್ಟು ವೆಚ್ಚದ ಅಂದಾಜನ್ನು ಪ್ರಕಟಿಸುತ್ತದೆ. ಆವರಣದಲ್ಲಿ ಇರುವವರಿಗೆ ಒಂದು ಮೊತ್ತ, ಹೊರಗೆ ಬಾಡಿಗೆಗೆ ಇರುವವರಿಗೆ ಇನ್ನೊಂದು, ತಂದೆತಾಯಿಯ ಮನೆಯಲ್ಲಿ ಇರುವವರಿಗೆ ಮತ್ತೊಂದು. ಈ ಮೂರನೆಯವರ ಜೀವನ ವೆಚ್ಚವನ್ನು ಸೊನ್ನೆ ಎಂದು ನಮೂದಿಸುವಂತಿಲ್ಲ ಎಂದು ಅಲ್ಲಿನ ಒಕ್ಕೂಟ ಕಾನೂನೇ ಹೇಳುತ್ತದೆ, ಏಕೆಂದರೆ ಸರ್ಕಾರಿ ನೆರವು ಈ ಅಂದಾಜಿನ ಮೇಲೆಯೇ ನಿಂತಿದೆ. ಅಲ್ಲಿನ ಮೊತ್ತಗಳು ನಮಗೆ ಉಪಯೋಗವಿಲ್ಲ. ಆದರೆ ಅನ್ನ ಮನೆಯದ್ದಾದರೂ ಅದನ್ನು ಲೆಕ್ಕದಲ್ಲಿ ಬರೆಯಬೇಕು ಎಂಬ ಕ್ರಮವನ್ನು ನಾವೂ ಇಟ್ಟುಕೊಳ್ಳಬಹುದು.

ನಿವೃತ್ತ ವಾರ್ಡನ್

ನಾನು ಹದಿನಾಲ್ಕು ವರ್ಷ ಒಂದು ಸರ್ಕಾರಿ ವೃತ್ತಿಶಿಕ್ಷಣ ಕಾಲೇಜಿನ ಹಾಸ್ಟೆಲ್ ನೋಡಿಕೊಂಡವನು. ಪ್ರಶ್ನೆ ಕೇಳಿದವರು 7,200 ಎಂದು ಬರೆದಿದ್ದಾರೆ. ಅದು ನಿಗದಿತ ಮೊತ್ತವೋ, ಡಿವೈಡಿಂಗ್ ಲೆಕ್ಕದ ಅಂದಾಜೋ ಎಂಬುದನ್ನು ಮೊದಲು ವಿಚಾರಿಸಬೇಕು, ಏಕೆಂದರೆ ನಾಲ್ಕು ವರ್ಷದ ಒಟ್ಟು ಮೊತ್ತ ಬದಲಾಗುವುದು ಅಲ್ಲಿಯೇ.

ಡಿವೈಡಿಂಗ್ ಪದ್ಧತಿಯಲ್ಲಿ ಆ ತಿಂಗಳ ದಿನಸಿ, ತರಕಾರಿ, ಹಾಲು, ಗ್ಯಾಸ್, ಅಡುಗೆಯವರ ಕೂಲಿ ಎಲ್ಲವನ್ನೂ ಕೂಡಿ, ಆ ತಿಂಗಳು ಊಟ ಮಾಡಿದ ಒಟ್ಟು ದಿನಗಳಿಂದ ಭಾಗಿಸಿ ದಿನದ ದರ ಕಟ್ಟುತ್ತಾರೆ. ವಿದ್ಯಾರ್ಥಿಗಳ ಮೆಸ್ ಸಮಿತಿ ಚುರುಕಾಗಿದ್ದು, ಮಾರುಕಟ್ಟೆಗೆ ತಾವೇ ಹೋಗಿ ಬರುವವರಾಗಿದ್ದರೆ ದರ ಇಳಿಯುತ್ತದೆ. ಪರೀಕ್ಷೆಯ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋದರೆ ಅಡುಗೆಯವರ ಕೂಲಿ ಉಳಿದವರ ತಲೆಯ ಮೇಲೆ ಬಿದ್ದು ದರ ಏರುತ್ತದೆ. ಈರುಳ್ಳಿಯ ಬೆಲೆ ಏರಿದ ವರ್ಷ ನಮ್ಮ ಹುಡುಗರು ಒಂದು ತಿಂಗಳು ಎಲೆಕೋಸಿನಲ್ಲಿಯೇ ಸಾಂಬಾರು ಉಂಡರು. ಗುತ್ತಿಗೆ ಪದ್ಧತಿಯಲ್ಲಿ ಈ ಏರಿಳಿತ ಇರುವುದಿಲ್ಲ, ಆದರೆ ಉಣ್ಣದ ದಿನದ ಹಣವೂ ಮರಳುವುದಿಲ್ಲ. ನಮ್ಮಲ್ಲಿ ಸತತ ಮೂರು ದಿನಕ್ಕಿಂತ ಹೆಚ್ಚು ರಜೆ ಇದ್ದು ಮುಂಚಿತವಾಗಿ ಚೀಟಿ ಬರೆದುಕೊಟ್ಟರೆ ಮಾತ್ರ ಕಡಿತ ಸಿಗುತ್ತಿತ್ತು. ತುಮಕೂರಿನ ಹುಡುಗಿ ಪ್ರತಿ ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬೆಳಿಗ್ಗೆ ಮರಳಿದರೆ, ತಿಂಗಳಿಗೆ ಆರೇಳು ದಿನದ ಊಟಕ್ಕೆ ಹಣ ಕೊಟ್ಟೂ ಮನೆಯಲ್ಲಿ ಉಣ್ಣುತ್ತಾಳೆ. ಇದನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ.

ಇನ್ನೊಂದು ಮಾತು. ಬಹಳಷ್ಟು ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಹಾಸ್ಟೆಲ್ ಸೀಟು ಸುಲಭವಾಗಿ ಸಿಗುತ್ತದೆ. ಮೊದಲ ವರ್ಷ ಬೇಡವೆಂದು ಬಿಟ್ಟು ಎರಡನೇ ವರ್ಷ ಕೇಳಿದರೆ ಕಾಯುವ ಪಟ್ಟಿಯಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಒಂದು ವರ್ಷ ಓಡಾಡಿ ನೋಡೋಣ ಎನ್ನುವುದಕ್ಕಿಂತ, ಒಂದು ವರ್ಷ ಇದ್ದು ನೋಡೋಣ ಎನ್ನುವುದು ಸುಲಭ.

ಸಪ್ತಾಪುರದ ಖೋಲಿ

ಧಾರವಾಡದ ಕಡೆಯ ಮೂರನೇ ದಾರಿಯೊಂದನ್ನು ಇಲ್ಲಿ ಯಾರೂ ಹೇಳಿಲ್ಲ. ನಮ್ಮಲ್ಲಿ ಹಾಸ್ಟೆಲ್ ಸಿಗದ ಹುಡುಗರು ಮೂವರು ನಾಲ್ವರು ಸೇರಿ ಸಪ್ತಾಪುರದಂಥ ಬಡಾವಣೆಯಲ್ಲಿ ಒಂದು ಖೋಲಿ ಹಿಡಿಯುತ್ತಾರೆ. ಊರಿನಿಂದ ಬೆಳಗಿನ ಬಸ್ಸಿಗೆ ಬುತ್ತಿ ಬರುತ್ತದೆ. ನಾನು ಓದುವಾಗ ನಮ್ಮ ಅವ್ವ ಹೆಸರು ಬರೆದ ಡಬ್ಬಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ತುಂಬಿ ಕಂಡಕ್ಟರರ ಕೈಗೆ ಕೊಡುತ್ತಿದ್ದರು; ನಾನು ನಿಲ್ದಾಣಕ್ಕೆ ಹೋಗಿ ತುಂಬಿದ ಡಬ್ಬಿ ಇಳಿಸಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಏರಿಸುತ್ತಿದ್ದೆ. ಅನ್ನವನ್ನಷ್ಟೇ ಖೋಲಿಯಲ್ಲಿ ಮಾಡಿಕೊಳ್ಳುತ್ತಿದ್ದೆವು. ಬುತ್ತಿ ಬಾರದ ದಿನ ಖಾನಾವಳಿ. ಬಾಡಿಗೆ ಪಟ್ಟಣದ್ದು, ಊಟ ಮನೆಯದ್ದು, ಓಡಾಟ ಡಬ್ಬಿಯದ್ದು ಮಾತ್ರ.

ನಿಮ್ಮ ಊರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಅನ್ನ, ವಸತಿ ಎರಡನ್ನೂ ಉಚಿತವಾಗಿ ಪಡೆದು ಓದಿದ್ದಾರೆ. ಅದಕ್ಕೂ ಹಿಂದಿನವರು ವಾರಾನ್ನದಲ್ಲಿ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದರು. ಆಗಲೂ ಖರ್ಚು ಇತ್ತು, ಅದನ್ನು ಮಠವೋ ಆ ಏಳು ಮನೆಗಳ ಗೃಹಿಣಿಯರೋ ಹೊತ್ತಿದ್ದರು.

ನೀವು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದು, ಆದಾಯ ಮಿತಿಯ ಒಳಗಿದ್ದರೆ, ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಂತಿಷ್ಟು ಎಂದು ಹತ್ತು ತಿಂಗಳು ಊಟ ಮತ್ತು ವಸತಿಯ ನೆರವು ಇದೆ. ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ತಿಂಗಳ ತಿಂಡಿಯೂ ಆಗುವುದಿಲ್ಲ ಎಂಬುದು ನಿಜ, ಆದರೂ ಬಿಡಬೇಡಿ.

ಎರಡೂ ಕಂಡವಳು

ನಾನು ಮೊದಲ ಎರಡು ವರ್ಷ ರಾಮನಗರದಿಂದ ಓಡಾಡಿ, ಕೊನೆಯ ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದು, ಕಳೆದ ವರ್ಷ ಬಿ.ಇ. ಮುಗಿಸಿದೆ. ಎಲ್ಲರೂ ರೂಪಾಯಿಯ ಲೆಕ್ಕ ಹೇಳಿದ್ದೀರಿ. ನಾನು ಗಂಟೆಯ ಲೆಕ್ಕ ಹೇಳುತ್ತೇನೆ.

ನಿಮ್ಮ ಮಗಳಿಗೆ ಹೋಗಿ ಬರಲು ಐದು ಗಂಟೆ. ವರ್ಷಕ್ಕೆ ಕಾಲೇಜಿನ ದಿನಗಳು 200 ಎಂದುಕೊಂಡರೆ 1,000 ಗಂಟೆ. ಈಗ ಹಣಕ್ಕೆ ಬನ್ನಿ. ಹಾಸ್ಟೆಲ್ 1,26,000, ವಾರಾಂತ್ಯದ ಪ್ರಯಾಣ, ಬಟ್ಟೆ ಒಗೆಸುವುದು, ಸಂಜೆಯ ತಿಂಡಿ ಎಂದು ಹತ್ತು ತಿಂಗಳಿಗೆ ಇನ್ನೊಂದು 12,000 ಸೇರಿಸಿ. ಒಟ್ಟು 1,38,000. ಮನೆಯಿಂದ ಓಡಾಡಿದರೆ ಮೆಟ್ರೋಗೆ ಹೋಗಿ ಬರಲು ದಿನಕ್ಕೆ 120ರ ಆಸುಪಾಸು, ಅಂದರೆ ವರ್ಷಕ್ಕೆ 24,000. ಬೆಳಗಿನ ಡಬ್ಬಿ ಸಂಜೆಯವರೆಗೆ ಸಾಲದೆ ಕ್ಯಾಂಟೀನಿನಲ್ಲಿ ದಿನಕ್ಕೆ 50ರಂತೆ 10,000. ಹಾಸನದ ಅಮ್ಮನವರು ಹೇಳಿದ ಮನೆಯೂಟದ ನಿಜವಾದ ಖರ್ಚು 20,000. ಒಟ್ಟು 54,000. ವ್ಯತ್ಯಾಸ 84,000. ಅಂದರೆ ನೀವು ನಿಮ್ಮ ಮಗಳಿಗೆ ಗಂಟೆಗೆ 84 ರೂಪಾಯಿಯಂತೆ ವರ್ಷಕ್ಕೆ 1,000 ಗಂಟೆಗಳನ್ನು ಕೊಂಡುಕೊಡುತ್ತೀರೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ. ಒಂದು ಲಕ್ಷದ ಇಪ್ಪತ್ತಾರು ಸಾವಿರಕ್ಕೂ ಸೊನ್ನೆಗೂ ನಡುವಿನ ಪ್ರಶ್ನೆ ಇದಲ್ಲ.

ಓಡಾಡುತ್ತಿದ್ದ ಎರಡು ವರ್ಷ ನಾನು ಸಂಜೆ ನಾಲ್ಕರ ನಂತರ ಕಾಲೇಜಿನಲ್ಲಿ ನಿಂತದ್ದೇ ಇಲ್ಲ. ಲ್ಯಾಬಿನಲ್ಲಿ ಪ್ರಾಜೆಕ್ಟ್ ಗುಂಪು ಸೇರುವುದು ಐದಕ್ಕೆ, ಗ್ರಂಥಾಲಯ ಖಾಲಿಯಾಗುವುದು ಆರರ ಮೇಲೆ. ನನ್ನ ರೈಲು ಐದೂಕಾಲಿಗೆ. ಕೂರಲು ಜಾಗ ಸಿಕ್ಕಿದ ದಿನ ರೈಲಿನಲ್ಲಿ ಓದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಥ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು.

ನಾಲ್ಕು ಚಕ್ರ

ಲೆಕ್ಕ ಚೆನ್ನಾಗಿದೆ, ಆದರೆ ಕೊಂಡ ಗಂಟೆಗಳೆಲ್ಲ ಪುಸ್ತಕದ ಮುಂದೆಯೇ ಕಳೆಯುತ್ತವೆ ಎಂದು ತಾವು ಊಹಿಸಿದಂತಿದೆ. ನನ್ನ ಮಗ ಮೂರನೇ ವರ್ಷ ಹಾಸ್ಟೆಲ್ಲಿಗೆ ಸೇರಿದ ಮೇಲೆ ಅವನ ಅಂಕಗಳು ಏರಲಿಲ್ಲ, ಕ್ರಿಕೆಟ್ ಆಟ ಮಾತ್ರ ಬಹಳ ಸುಧಾರಿಸಿತು.

ಎರಡೂ ಕಂಡವಳು

ಒಪ್ಪುತ್ತೇನೆ ಸರ್. ನನ್ನ ಗಂಟೆಗಳಲ್ಲಿಯೂ ಅರ್ಧ ಹರಟೆಗೆ ಹೋಯಿತು. ಆಗ ಓದಿಗೆ ಸಿಕ್ಕ ಗಂಟೆಯ ಬೆಲೆ 168 ರೂಪಾಯಿ ಎಂದು ತಿದ್ದಿಕೊಳ್ಳಿ. ಆದರೂ ಆ ಹರಟೆಯ ಒಂದು ಭಾಗದಲ್ಲಿಯೇ ಸೀನಿಯರ್ ಒಬ್ಬರಿಂದ ಇಂಟರ್ನ್‌ಶಿಪ್ ವಿಷಯ ತಿಳಿದದ್ದು.

ಬ್ಯಾಂಕಿನ ಮೇಜು

ಸಾಲದ ಮೇಲೆ ಹಾಸ್ಟೆಲ್ ಕಟ್ಟುವವರಿಗೆ ಈ ಗಂಟೆಯ ಬೆಲೆ ಇನ್ನೂ ಏರುತ್ತದೆ. ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಮತ್ತು ಮೆಸ್ ಶುಲ್ಕವನ್ನೂ ಸೇರಿಸಬಹುದು, ಆದ್ದರಿಂದ ಅನೇಕರು ಯೋಚಿಸದೆ ಸೇರಿಸುತ್ತಾರೆ. ವರ್ಷಕ್ಕೆ 1,26,000ದಂತೆ ನಾಲ್ಕು ವರ್ಷಕ್ಕೆ 5,04,000 ಸಾಲ ಪಡೆದು, ಬಡ್ಡಿ ಶೇಕಡ 10 ಎಂದು ಹಿಡಿಯೋಣ. ಓದಿನ ಅವಧಿಗೂ ಅದರ ನಂತರದ ಒಂದು ವರ್ಷಕ್ಕೂ ಕಂತು ಇಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿದರೆ 1,76,400 ರೂಪಾಯಿ. ಕಂತು ಆರಂಭವಾಗುವ ದಿನ ಹಾಸ್ಟೆಲ್ಲಿನ ಬಾಬ್ತು ಮಾತ್ರವೇ 6,80,400 ಆಗಿರುತ್ತದೆ.

ಓದುವಾಗಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಬಂದರೆ ಅನೇಕ ಬ್ಯಾಂಕುಗಳು ಬಡ್ಡಿದರದಲ್ಲಿ ಶೇಕಡ 1ರಷ್ಟು ರಿಯಾಯಿತಿ ಕೊಡುತ್ತವೆ, ಕೇಳಿ ಪಡೆಯಿರಿ. ಕಾಲೇಜು ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೇ ನೋಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಆ ಯೋಜನೆಯಲ್ಲಿ 8 ಲಕ್ಷದವರೆಗಿನ ವಾರ್ಷಿಕ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇಕಡ 3ರ ಬಡ್ಡಿ ಸಹಾಯವಿದೆ, ಆದರೆ ಆಯ್ದ ಸಂಸ್ಥೆಗಳಿಗೆ ಮಾತ್ರ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಇ ಎಂದೇ ಪರಿಚಿತವಾದ ವಿನಾಯಿತಿಯನ್ನು ನಂಬಿಕೊಂಡವರು, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ದೊರೆಯುತ್ತದೆ ಎಂಬುದನ್ನು ಮರೆಯುತ್ತಾರೆ.

ಹೆಬ್ಬಾಳದ ಬಾಡಿಗೆದಾರ

ಹೊರಗಿನ ಪಿ.ಜಿ.ಯನ್ನೂ ವಿಚಾರಿಸುವುದಾದರೆ ಒಂದು ಅನುಭವ. 2023ರಲ್ಲಿ ನನ್ನ ತಂಗಿ ಇದ್ದ ಪಿ.ಜಿ.ಯ ಮಾಲೀಕರು ಬಿಲ್ಲಿನ ಮೇಲೆ ಶೇಕಡ 12 ಜಿಎಸ್‌ಟಿ ಎಂದು ಸೇರಿಸಿದರು. ಆಮೇಲೆ 2024ರ ಜೂನಿನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ, ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿ ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಸತಿಗೆ ತೆರಿಗೆ ಇಲ್ಲವೆಂದು ತೀರ್ಮಾನವಾಯಿತು. ಈಗಲೂ ಯಾರಾದರೂ ಸೇರಿಸಿದರೆ ಪ್ರಶ್ನಿಸಿ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಮುರಿದುಕೊಳ್ಳುವ ಮೊತ್ತವನ್ನು ಸೇರುವ ದಿನವೇ ಬರವಣಿಗೆಯಲ್ಲಿ ಕೇಳಿ.

ಹಾಸನದ ಗೃಹಿಣಿ

ಇಷ್ಟು ಜನ ಇಷ್ಟು ಲೆಕ್ಕ ಹೇಳಿದೆವು. ಹುಡುಗಿ ಏನು ಹೇಳುತ್ತಾಳೆ ಸರ್?

ತುಮಕೂರಿನ ತಂದೆ

ಮೇಡಂ, ತಾವು ಕೇಳಿದ ಮೇಲೆಯೇ ನಾನೂ ಕೇಳಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ತಂದೆಗೆ ಹೊರೆಯಾಗಬಾರದೆಂದು ಓಡಾಡುತ್ತೇನೆ ಎಂದೇ ಮೊದಲು ಹೇಳಿದಳು. ಆಮೇಲೆ ಗಂಟೆಯ ಲೆಕ್ಕವನ್ನು ಓದಿ, ತಾನೇ ಒಂದು ಹಾಳೆಯಲ್ಲಿ ಬರೆದು ತಂದಳು. ಅದರಲ್ಲಿ ಅವಳು ನಾವು ಯಾರೂ ಬರೆಯದ ಒಂದು ಸಾಲನ್ನು ಸೇರಿಸಿದ್ದಳು: ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಸಂಜೆ ಏಳೂವರೆಗೆ ನಿಲ್ದಾಣದಿಂದ ಮನೆಗೆ ಒಬ್ಬಳೇ ನಡೆದು ಬರಬೇಕಾದ ಹತ್ತು ನಿಮಿಷ. ಅದರ ಮುಂದೆ ಮೊತ್ತ ಬರೆದಿರಲಿಲ್ಲ. ನನ್ನ ಹೆಂಡತಿ ಆ ಹಾಳೆಯನ್ನು ನೋಡಿ, ಬೆಳಗಿನ ಡಬ್ಬಿಯ ಮಾತನ್ನು ತಾನಾಗಿ ಎತ್ತಲಿಲ್ಲ, ಆದರೆ ಹಾಸನದವರ ಬರಹವನ್ನು ಎರಡು ಸಲ ಓದಿಸಿಕೊಂಡಳು.

ಮೊದಲ ವರ್ಷಕ್ಕೆ ಹಾಸ್ಟೆಲ್ ಎಂದು ತೀರ್ಮಾನಿಸಿದ್ದೇವೆ. ಕಾಲೇಜಿನ ಶುಲ್ಕಕ್ಕೆ ಮಾತ್ರ ಸಾಲ, ಹಾಸ್ಟೆಲ್ಲಿಗೆ ನನ್ನ ಚೀಟಿಯ ಹಣ ಮತ್ತು ಹೆಂಡತಿಯ ಸಂಘದ ಉಳಿತಾಯ. ಮೆಸ್ ಕಚೇರಿಗೆ ಫೋನ್ ಮಾಡಿದೆ. ಅವರದು ಡಿವೈಡಿಂಗ್ ಪದ್ಧತಿ, 7,200 ಎಂಬುದು ಮುಂಗಡ ಮಾತ್ರ, ವರ್ಷದ ಕೊನೆಗೆ ಹೆಚ್ಚುಕಡಿಮೆ ಹೊಂದಿಸುತ್ತಾರಂತೆ. ಹಾಗಾಗಿ ಪ್ರತಿ ವಾರ ಊರಿಗೆ ಬರುವ ಬದಲು, ಹದಿನೈದು ದಿನಕ್ಕೊಮ್ಮೆ ಸೋಮವಾರದ ರಜೆ ಇರುವ ವಾರ ನೋಡಿಕೊಂಡು, ಚೀಟಿ ಬರೆದುಕೊಟ್ಟೇ ಬರುವುದೆಂದು ಮಾತಾಗಿದೆ. ರೈಲಿಗೆ ಹೇಗೂ ಉಚಿತ ಸೀಸನ್ ಟಿಕೆಟ್ ಮಾಡಿಸಿಡಬೇಕೆಂದಿದ್ದೇನೆ. ಎರಡನೇ ವರ್ಷದ ವಿಷಯವನ್ನು ಬರುವ ಮೇ ತಿಂಗಳಲ್ಲಿ, ಅವಳ ನಿಜವಾದ ಖರ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ನೋಡುತ್ತೇವೆ. ಗುರುವಾರ ಹಣ ಕಟ್ಟಲು ಹೋಗುತ್ತಿದ್ದೇನೆ. ಕಾಷನ್ ಡಿಪಾಸಿಟ್ಟಿನ ಬಗ್ಗೆ ಏನಾದರೂ ಎಚ್ಚರಿಕೆ ಇದ್ದರೆ ಅಷ್ಟರೊಳಗೆ ತಿಳಿಸಿ.

ನಿವೃತ್ತ ವಾರ್ಡನ್

ಡಿಪಾಸಿಟ್ಟಿಗೆ ಪ್ರತ್ಯೇಕ ರಸೀದಿ ಕೇಳಿ, ಶುಲ್ಕದ ರಸೀದಿಯೊಳಗೆ ಸೇರಿಸಿ ಬರೆಯಲು ಬಿಡಬೇಡಿ. ಮೂಲ ರಸೀದಿ ಮಗಳ ಬಳಿ ಬೇಡ, ನಿಮ್ಮ ಬೀರುವಿನಲ್ಲಿರಲಿ. ನಾಲ್ಕು ವರ್ಷದ ಕೊನೆಗೆ ಅದನ್ನು ಕಳೆದುಕೊಂಡು ನನ್ನ ಮುಂದೆ ನಿಂತ ಹುಡುಗರಿಗೆ ಲೆಕ್ಕವಿಲ್ಲ. ಕೊಠಡಿಗೆ ಹೋದ ದಿನವೇ ಮಂಚ, ಫ್ಯಾನು, ಕಿಟಕಿಯ ಗಾಜು, ಕಪಾಟಿನ ಬೀಗ ಇವುಗಳ ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಮತ್ತೆ, ಬಕೆಟ್ಟನ್ನು ತುಮಕೂರಿನಿಂದಲೇ ಕೊಂಡೊಯ್ಯಿರಿ, ಹಾಸ್ಟೆಲ್ ತೆರೆಯುವ ವಾರ ಗೇಟಿನ ಎದುರಿನ ಅಂಗಡಿಯಲ್ಲಿ ಅದರ ಬೆಲೆಯೇ ಬೇರೆ.